ಹೊಸ್ತಿಲಿಗೆ ಅಂಟಿಸಿದ ರಬ್ಬರು

ನನ್ನ ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ, ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಹೆಂಗಸು ಒಂದು ಬಾಗಿಲಿಗಾಗಿ ಅಷ್ಟೊಂದು ಕುಣಿದಾಡಿದ್ದು ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ಅವಳ ಸೀರೆಯ ಮೇಲಾಗಲಿ, ಬಂಗಾರದ ಮೇಲಾಗಲಿ, ಕಮಲಾಪುರದಲ್ಲಿ ಅವಳ ಗಂಡ ಇಟ್ಟಿರುವ ಬೀಜ-ಗೊಬ್ಬರದ ಅಂಗಡಿಯ ಮೇಲಾಗಲಿ ನನಗೆ ಕಣ್ಣಿಲ್ಲ. ಅವ್ವ ಅವಳ ಹತ್ತಿರ ಹೆಚ್ಚು ದಿನ ಇರುತ್ತಾಳೆ. ನನ್ನ ಸಂಕಟ ಅದೊಂದೇ.

ಅಪ್ಪ ತೀರಿಕೊಂಡ ಮೇಲೆ ಅವ್ವ ಬ್ರಹ್ಮಪುರದ ಬಾಡಿಗೆ ಮನೆ ಬಿಟ್ಟಳು. ನಾವಿಬ್ಬರೇ ಮಕ್ಕಳು, ಇಬ್ಬರೂ ಹೆಣ್ಣು. ಎರಡು ತಿಂಗಳು ಕಲಬುರಗಿಯಲ್ಲಿ ನನ್ನ ಹತ್ತಿರ, ಎರಡು ತಿಂಗಳು ಕಮಲಾಪುರದಲ್ಲಿ ತಂಗಿಯ ಹತ್ತಿರ ಇರುವುದು ಅಂತ ಮಾತಾಯಿತು. ಮೊದಲ ವರ್ಷ ಸರಿಯಾಗಿಯೇ ನಡೆಯಿತು. ಆಮೇಲೆ ನನ್ನ ಎರಡು ತಿಂಗಳು ಒಂದೂವರೆಯಾಯಿತು, ಒಂದಾಯಿತು, ಮುಂದೆ ಇಪ್ಪತ್ತು ದಿನಕ್ಕೆ ಬಂತು. ಅವ್ವ ಇಲ್ಲದ ಒಂದೊಂದು ದಿನಕ್ಕೂ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಪೆನ್ಸಿಲ್‌ನಿಂದ ಸಣ್ಣ ಚುಕ್ಕೆ ಇಡುತ್ತಿದ್ದೆ, ಅದಕ್ಕೇ ಗೊತ್ತಾಗಿದ್ದು. ಕೇಳಿದರೆ ಹಾಲಿನ ಲೆಕ್ಕ ಅನ್ನುತ್ತಿದ್ದೆ.

ನನ್ನ ಮನೆಗೆ ಏನು ಕಡಿಮೆ? ಸೇಡಂ ರಸ್ತೆಯ ಹಿಂದಿನ ಬಡಾವಣೆಯಲ್ಲಿ ಸ್ವಂತ ಮನೆ. ಅವ್ವನಿಗೆ ಬೇರೆ ಕೋಣೆ, ಕೋಣೆಗೇ ಸೇರಿದ ಬಚ್ಚಲು, ಗೀಜರು, ಕುಳಿತುಕೊಳ್ಳುವ ಪಾಯಖಾನೆ, ಗೋಡೆಗೆ ಟಿ.ವಿ. ಕಸ-ಮುಸುರೆಗೆ ಒಬ್ಬಳು ಬರುತ್ತಾಳೆ, ರೊಟ್ಟಿ ಬಡಿಯಲು ಇನ್ನೊಬ್ಬಳು ಬರುತ್ತಾಳೆ. ನನ್ನ ಮನೆಯಲ್ಲಿ ಅವ್ವ ಒಂದು ಕಡ್ಡಿ ಎತ್ತಿ ಆ ಕಡೆ ಇಡಬೇಕಾಗಿಲ್ಲ ಅಂತ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಹತ್ತು ಸಲವಾದರೂ ಹೇಳಿಕೊಂಡಿದ್ದೇನೆ. ತಂಗಿಯ ಮನೆ ಇರುವುದು ಕಮಲಾಪುರದ ಬಸ್ ನಿಲ್ದಾಣದಿಂದ ಒಳಗೆ, ಹಳೆಯ ಓಣಿಯಲ್ಲಿ. ಫರ್ಸಿ ಕಲ್ಲಿನ ನೆಲ, ಬಚ್ಚಲು ಹಿತ್ತಲಿನಲ್ಲಿ. ಮಳೆ ಬಂದರೆ ಕೊಡೆ ಹಿಡಿದು ಹೋಗಬೇಕು. ಅಂಥಲ್ಲಿಗೆ ಹೋಗಲು ಅವ್ವ ಹಿಂದಿನ ದಿನವೇ ಚೀಲ ಕಟ್ಟಿಡುತ್ತಿದ್ದಳು. ನನ್ನ ಮೈ ಉರಿಯದೆ ಇನ್ನೇನಾದೀತು?

ಹಾಗೆ ಒಮ್ಮೆ ಹೊರಟು ನಿಂತಾಗ, ಇಷ್ಟು ಬೇಗ ಯಾಕೆ ಅಂತ ಕೇಳಿದೆ. ಅವ್ವ ಸುತ್ತ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು, "ನಿಮ್ಮ ಮನ್ಯಾಗ ಧೂಳ ಭಾಳ ಅದ ನೋಡು, ಕೆಮ್ಮ ಬರ್ತದ," ಅಂದಳು. ನನಗೆ ಅಷ್ಟೇ ಸಾಕಾಗಿತ್ತು. ಕಾರಣ ಸಿಕ್ಕಿತಲ್ಲ. ಕಾರಣ ಸಿಕ್ಕ ಮೇಲೆ ಅದನ್ನು ಬಿಡಿಸುವುದು ನನ್ನ ಕಸುಬು.

ಧೂಳು ಬರುತ್ತಿದ್ದುದು ಮುಂಬಾಗಿಲಿನಿಂದ. ನಮ್ಮದು ಪಡುವಣ ಬಾಗಿಲು. ಸಂಜೆಯ ಗಾಳಿ ನೇರ ಅದಕ್ಕೇ ಬಡಿಯುತ್ತದೆ, ಎದುರಿಗೆ ಖಾಲಿ ಸೈಟುಗಳು ಬೇರೆ. ಬಾಗಿಲು ಚಿಲಕದ ಕಡೆಗೆ ಇಳಿದುಬಿಟ್ಟಿತ್ತು. ಮೇಲೆ ಚೌಕಟ್ಟಿಗೂ ಬಾಗಿಲಿಗೂ ನಡುವೆ ಬೆಳಕು ಕಾಣುವಷ್ಟು ಸಂದು, ಕೆಳಗೆ ಒಂದು ಮೂಲೆ ಹೊಸ್ತಿಲಿಗೆ ಕರಕರ ಉಜ್ಜುತ್ತಿತ್ತು. ಚಿಲಕ ಹಾಕಬೇಕೆಂದರೆ ಬಾಗಿಲನ್ನು ಮೊಣಕಾಲಿನಿಂದ ಎತ್ತಿ ಹಿಡಿಯಬೇಕು. ನಮಗೆ ರೂಢಿಯಾಗಿತ್ತು, ಅತಿಥಿಗಳು ಬಂದಾಗ ಮಾತ್ರ ನಾಚಿಕೆ. ಮೊದಲು ನಮ್ಮ ಮನೆಯವರು ಒಂದು ರವಿವಾರ ಸ್ಕ್ರೂ ಡ್ರೈವರ್ ಹಿಡಿದು ಕೂತರು. ಮೇಲಿನ ಬಿಜಾಗರಿಯ ಸ್ಕ್ರೂ ಬಿಗಿ ಮಾಡಲು ಹೋದರೆ ಅದು ಸುಮ್ಮನೆ ಗಿರಗಿರ ತಿರುಗಿತು. ಕಟ್ಟಿಗೆಯೊಳಗಿನ ತೂತೇ ಸವೆದು ದೊಡ್ಡದಾಗಿದೆ, ಇದು ನಮ್ಮಿಂದಾಗುವ ಕೆಲಸವಲ್ಲ ಅಂತ ಅವರು ಕೈ ತೊಳೆದುಕೊಂಡರು.

ನಾನು ಗಾಜಿಪುರದಿಂದ ಒಬ್ಬ ಬಡಗಿಯನ್ನು ಕರೆಸಿದೆ. ವಯಸ್ಸಾದವರು. ಬಂದವರೇ ಬಾಗಿಲನ್ನು ನಾಲ್ಕು ಸಲ ತೆಗೆದು ಮುಚ್ಚಿ, ಕಣ್ಣು ಕಿರಿದು ಮಾಡಿ ಸಂದಿನೊಳಗಿಂದ ನೋಡಿದರು. ಅವ್ವ ಆಗ ಕಮಲಾಪುರದಿಂದ ಮರಳಿ ಬಂದು ಒಂದು ವಾರವಾಗಿತ್ತು. ಆಕೆಯೂ ಕುರ್ಚಿ ಎಳೆದುಕೊಂಡು ಕೂತು ಇದನ್ನೆಲ್ಲ ಗಮನಿಸುತ್ತಿದ್ದಳು.

ಬಡಗಿ ಒಂದು ಪೊಟ್ಟಣ ಬೆಂಕಿಕಡ್ಡಿ ಕೇಳಿದರು. ಮದ್ದು ಮುರಿದ ಕಡ್ಡಿಗಳನ್ನು ಗೋಂದಿನಲ್ಲಿ ಅದ್ದಿ ಸವೆದ ತೂತಿಗೆ ತುರುಕಿ, ಒಣಗಲು ಬಿಟ್ಟು, ಅದರೊಳಗೆ ಉದ್ದನೆಯ ಹೊಸ ಸ್ಕ್ರೂ ಬಿಗಿದರು. ಬಾಗಿಲು ಎದ್ದು ನಿಂತಿತು. ಮೇಲಿನ ಸಂದು ಮಾಯವಾಯಿತು. ಚಿಲಕ ಒಂದೇ ಬೆರಳಿಗೆ ಕೂತಿತು. ಆದರೆ ಬಾಗಿಲಿನ ತಳ ನೀರು ಕುಡಿದು ಉಬ್ಬಿ ಸೊಟ್ಟಗಾಗಿತ್ತು. ಅದನ್ನು ರಂದಾ ಹೊಡೆದು ಸಮ ಮಾಡಿದ ಮೇಲೆ ಕೆಳಗೆ ಬೆರಳು ಗಾತ್ರದ ಸಂದು ಉಳಿಯಿತು. ದಿನಾ ಹೊಸ್ತಿಲಿಗೆ ನೀರು ಬಿದ್ದರೆ ಕಟ್ಟಿಗೆ ಹೀಗೇ ಆಗುತ್ತದೆ ಅಂತ ಅವರು ಮೆಲ್ಲಗೆ ಹೇಳಿದರು.

ಆ ನೀರು ಅವ್ವನದು. ನಮ್ಮ ಮನೆಯಲ್ಲಿದ್ದಷ್ಟು ದಿನವೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಂದು ತಂಬಿಗೆ ನೀರು ತಂದು ಹೊಸ್ತಿಲು ತೊಳೆಯುತ್ತಿದ್ದಳು. ಆಮೇಲೆ ಅರಿಷಿಣ ಸವರಿ, ಕುಂಕುಮದ ಬೊಟ್ಟು ಇಟ್ಟು, ಎರಡೂ ತುದಿಗೆ ರಂಗೋಲಿಯ ಎಳೆ ಎಳೆಯುತ್ತಿದ್ದಳು. ಅರ್ಧ ಗಂಟೆ ಹಿಡಿಯುತ್ತಿತ್ತು. ಬಗ್ಗಿ ಎದ್ದಾಗ ಸೊಂಟ ಹಿಡಿದುಕೊಳ್ಳುವುದು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಇಷ್ಟು ಜನ ಆಳು ಬರುವಾಗ ಇದು ಯಾಕೆ ಬೇಕು ಅಂತ.

ಬಾಗಿಲಿನ ತಳಕ್ಕೆ ಒಂದು ರಬ್ಬರ್ ಪಟ್ಟಿ ಹೊಡೆದುಕೊಡುತ್ತೇನೆ, ಬಹಳಷ್ಟು ಧೂಳು ನಿಲ್ಲುತ್ತದೆ ಅಂದರು ಬಡಗಿ. ಬಹಳಷ್ಟು ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಒಂದು ಕಣವೂ ಬರಬಾರದು. ಧೂಳಿನ ನೆವ ಹೇಳಿ ಅವ್ವ ಇನ್ನೊಮ್ಮೆ ಚೀಲ ಕಟ್ಟಬಾರದು. ಹೊಸ್ತಿಲಿನ ಮೇಲೆಯೇ ಉದ್ದಕ್ಕೂ ದಪ್ಪ ರಬ್ಬರ್ ಪಟ್ಟಿ ಕೂರಿಸಿ, ಬಾಗಿಲು ಅದರ ಮೇಲೆ ಒತ್ತಿ ಕೂಡುವ ಹಾಗೆ ಮಾಡುವುದನ್ನು ನಾನು ಮೊಬೈಲಿನಲ್ಲಿ ನೋಡಿಟ್ಟುಕೊಂಡಿದ್ದೆ, ಪಟ್ಟಿಯನ್ನೂ ತಂದಿಟ್ಟಿದ್ದೆ. ತೋರಿಸಿದಾಗ ಅವರು ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟರು.

"ಹೊಸ್ತಿಲಿಗ ಮೊಳಿ ಹೊಡಿಯಂಗಿಲ್ರೀ ಅಕ್ಕೋರ. ಹಿರ್ಯಾರ ಇಲ್ಲೇ ಕುಂತಾರ, ಅವರನ್ನ ಒಂದ ಮಾತ ಕೇಳ್ರಿ," ಅಂದರು.

ನಾನು ಕೇಳಲಿಲ್ಲ. ಕೇಳಿದ್ದರೆ ಬೇಡ ಅಂದುಬಿಡುತ್ತಾಳೆ ಅಂತ ಗೊತ್ತಿತ್ತು. ಮೊಳೆ ಹೊಡೆದರೆ ತಾನೇ ಹೊಸ್ತಿಲಿಗೆ ನೋವು? ಅಂಟಿಸಿದರೆ ಏನು? ಒಳ್ಳೆಯ ಅಂಟು ತರಿಸಿ, ಬಡಗಿ ಮುಖ ಸಿಂಡರಿಸಿಕೊಂಡೇ ಅಂಟಿಸುವ ಹಾಗೆ ಮಾಡಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ನೀರು ತಾಗಿದರೆ ಅಂಟು ಬಿಡುತ್ತದೆ, ಇನ್ನು ಮೇಲೆ ಇಲ್ಲಿ ನೀರು ಹಾಕುವಂತಿಲ್ಲ ಅಂತ ಅವರು ಹೋಗುವಾಗ ಎಚ್ಚರಿಸಿದರು. ಅದನ್ನು ನಾನು ಅವ್ವನಿಗೆ ದೊಡ್ಡ ಉಪಕಾರ ಮಾಡಿದವಳ ಧಾಟಿಯಲ್ಲಿ ತಿಳಿಸಿದೆ. ಇನ್ನು ನೀನು ಬಗ್ಗುವುದು ಬೇಡ, ಸೊಂಟಕ್ಕೆ ಆರಾಮು ಅಂದೆ. ಹೊಸ್ತಿಲಿನ ಮುಖಕ್ಕೆ ಅಂಟಿಸಲು ಅರಿಷಿಣ ಬಣ್ಣದ, ಕುಂಕುಮದ ಬೊಟ್ಟೂ ರಂಗೋಲಿಯೂ ಅಚ್ಚಾಗಿರುವ ಸ್ಟಿಕ್ಕರನ್ನೂ ತಂದೆ. ಒರೆಸಿದರೆ ಸಾಕು, ವರ್ಷಗಟ್ಟಲೆ ಇರುತ್ತದೆ.

ಬಾಗಿಲು ಎಷ್ಟು ಬಿಗಿಯಾಗಿದೆ ಅಂತ ತಿಳಿಯಲು ಬಡಗಿ ಒಂದು ಉಪಾಯ ತೋರಿಸಿಕೊಟ್ಟಿದ್ದರು. ಹಾಳೆಯೊಂದನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಬೇಕು. ಜಾರಿ ಬಂದರೆ ಗಾಳಿಯೂ ಬರುತ್ತದೆ. ನಾನು ಮಕ್ಕಳ ಹಳೆಯ ಉತ್ತರಪತ್ರಿಕೆ ಇಟ್ಟು ನಾಲ್ಕೂ ಕಡೆ ಎಳೆದು ನೋಡಿದೆ. ಹಾಳೆ ಹರಿಯಿತೇ ಹೊರತು ಬರಲಿಲ್ಲ. ಅವ್ವನನ್ನೂ ಕರೆದು ಎಳೆಸಿದೆ. ಆಕೆ ಎರಡು ಬೆರಳಿನಿಂದ ಎಳೆದು, "ಭಾಳ ಗಟ್ಟಿ ಅದ," ಅಂದು ಕೋಣೆಗೆ ಹೋದಳು. ಆ ಸಂಜೆ ಟೀಪಾಯಿಯ ಮೇಲೆ ಬೆರಳು ಎಳೆದು ನೋಡಿದೆ. ಧೂಳಿನ ಸುಳಿವಿಲ್ಲ. ತಂಗಿಗೆ ಫೋನು ಮಾಡಿ, ಬೇಡವೆಂದರೂ ಎಲ್ಲವನ್ನೂ ವಿವರಿಸಿದೆ.

ಐದನೆಯ ದಿನ ಅವ್ವ ಕಮಲಾಪುರಕ್ಕೆ ಹೋಗುತ್ತೇನೆ ಅಂದಳು. ಎಂಟು ದಿನದ ಮಟ್ಟಿಗೆ ಅಷ್ಟೇ, ಮೊಮ್ಮಗಳಿಗೆ ಮೈಯಲ್ಲಿ ಹುಷಾರಿಲ್ಲವಂತೆ. ಎಂಟು ಹದಿನೈದಾಯಿತು, ತಿಂಗಳಾಯಿತು. ಅವ್ವನ ಹತ್ತಿರ ಬೇರೆ ಫೋನಿಲ್ಲ, ತಂಗಿಯ ಫೋನಿಗೇ ಮಾಡಬೇಕು. ಮೊಮ್ಮಗಳು ಮೂರನೆಯ ದಿನವೇ ಶಾಲೆಗೆ ಹೋಗಿದ್ದಳು ಅಂತ ತಂಗಿಯ ಬಾಯಿಂದಲೇ ಹೊರಬಿತ್ತು. ಮತ್ತೆ ಅವ್ವ ಯಾಕೆ ಬರಲಿಲ್ಲ ಅಂದರೆ, ನನಗೇನು ಗೊತ್ತು, ನಾನೇನು ಕಟ್ಟಿ ಹಾಕಿದ್ದೇನೆಯೇ ಅಂತ ತಂಗಿ ನಕ್ಕಳು. ಆ ನಗು ನನಗೆ ಎರಡು ದಿನ ಊಟ ಸೇರದ ಹಾಗೆ ಮಾಡಿತು. ನಲವತ್ತೇಳನೆಯ ಚುಕ್ಕೆ ಇಟ್ಟ ದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ಸೀದಾ ಬಸ್ ಹತ್ತಿದೆ.

ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದುದು ತಂಗಿಯ ಬಾಗಿಲು. ನನಗೆ ಹೇಳದೆ ಅವಳೇನಾದರೂ ಹೊಸ ಬಾಗಿಲು ಹಾಕಿಸಿರಬೇಕು ಅನ್ನಿಸಿಬಿಟ್ಟಿತ್ತು. ಹೋದವಳೇ ನೀರು ಕುಡಿಯುವ ಮೊದಲು ಅದನ್ನೇ ನೋಡಿದೆ. ಅದೇ ಹಳೆಯ ಎರಡು ಹಲಗೆಯ ಬಾಗಿಲು. ತಂಗಿ ಒಳಗೆ ಚಹಾಕ್ಕೆ ಇಟ್ಟಿದ್ದಾಳೆ, ಅವ್ವ ಹಿತ್ತಲಿನಲ್ಲಿದ್ದಾಳೆ ಅಂತ ಖಾತ್ರಿ ಮಾಡಿಕೊಂಡು, ಬಸ್ಸಿನ ಟಿಕೇಟನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿದೆ. ಟಿಕೇಟು ನಿಲ್ಲಲೇ ಇಲ್ಲ, ಕೆಳಗೆ ಬಿತ್ತು. ತಳದಲ್ಲಿ ನನ್ನ ಮೂರು ಬೆರಳು ಹೋಗುವಷ್ಟು ಸಂದು. ಬಗ್ಗಿ ಬೆರಳು ತೂರಿಸುತ್ತಿರುವಾಗ ತಂಗಿ ಚಹಾದ ಕಪ್ಪು ಹಿಡಿದು ಬಂದಳು.

"ಏನ ಹುಡಕಾಕತ್ತೀ ಅಕ್ಕಾ?"

ಕಿವಿಯೋಲೆಯ ತಿರುಪು ಬಿದ್ದಿದೆ ಅಂದೆ. ಅವಳು ಪಾಪ ನಿಜವೆಂದು ನಂಬಿ ಕೂತು ಫರ್ಸಿಯ ಸಂದುಗಳಲ್ಲೆಲ್ಲ ಹುಡುಕಿದಳು.

ಸಂಜೆ ಗಾಳಿ ಎದ್ದಿತು. ಅವ್ವ ಒಳಗಿನಿಂದ ಒಂದು ಉದ್ದನೆಯ ಸುರುಳಿ ತಂದಳು. ಹಳೆಯ ಸೀರೆಗಳ ತುಂಡು ಜೋಡಿಸಿ, ಕೌದಿ ಹೊಲಿಯುವ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕಿ, ಒಳಗೆ ಅರಿವೆ ತುಂಬಿದ ಸುರುಳಿ. ಅದನ್ನು ಬಾಗಿಲಿನ ಬುಡಕ್ಕೆ ಒತ್ತಿ, ಕಾಲಿನಿಂದ ತುಳಿದು, ಎರಡೂ ಮೂಲೆಗೆ ಇನ್ನಷ್ಟು ತುರುಕಿದಳು. ಯಾರೋ ಹೊರಗೆ ಹೋದರು, ತೆಗೆದಳು. ಅವರು ಬಂದ ಮೇಲೆ ಮತ್ತೆ ಇಟ್ಟಳು. ಅಳಿಯ ಅಂಗಡಿ ಮುಚ್ಚಿ ಬಂದು, "ಅತ್ತಿ, ಬಾಗಲಕ ಸುರಳಿ ಇಡ್ರಿ," ಅಂದಾಗ ಆಕೆ ಮೂರನೆಯ ಸಲ ಎದ್ದಳು. ಸುರುಳಿಯ ನಡುವೆ ನಮ್ಮಿಬ್ಬರ ಬಾಲ್ಯದಲ್ಲಿ ಅವ್ವ ಉಡುತ್ತಿದ್ದ ನೇರಳೆ ಬಣ್ಣದ ಇಳಕಲ್ ಸೀರೆಯ ತುಂಡು ಕಂಡಿತು. ಆ ಸೀರೆ ಎಲ್ಲಿ ಹೋಯಿತು ಅಂತ ನಾನು ಎಷ್ಟೋ ವರ್ಷ ಕೇಳಿದ್ದೆ. ಅದು ತಂಗಿಯ ಮನೆಯ ಗಾಳಿ ತಡೆಯುತ್ತಾ ಕೂತಿತ್ತು. ಒಂದು ಅರಿವೆಯ ಸುರುಳಿಯ ಮೇಲೆ ಅಷ್ಟು ಹೊಟ್ಟೆಕಿಚ್ಚು ಪಡಬಹುದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ರೊಟ್ಟಿ ತಿನ್ನುವಾಗ ತಂಗಿ ಇನ್ನೊಂದು ಮಾತು ಹೇಳಿದಳು. ಅವ್ವ ಓಣಿಯವರಿಗೆಲ್ಲ ನನ್ನ ಬಾಗಿಲಿನ ಸುದ್ದಿಯನ್ನೇ ಹೇಳುತ್ತಾಳಂತೆ. ಹಿರಿಮಗಳ ಮನೆಯಲ್ಲಿ ಬಾಗಿಲು ಮುಚ್ಚಿದರೆ ಇರುವೆಯೂ ಒಳಗೆ ಬರುವುದಿಲ್ಲ ಅಂತ. ಕೇಳಿ ಕೇಳಿ ತನಗೆ ಸಾಕಾಗಿದೆ, ತನ್ನ ಬಾಗಿಲಿಗೆ ಮಾತ್ರ ಬರೀ ಹೆಸರಿಟ್ಟು ಹಳಿಯುತ್ತಾಳೆ ಅಂತ ತಂಗಿ ಮುಖ ಊದಿಸಿಕೊಂಡಳು. ನನಗೆ ಒಳಗೊಳಗೇ ಸಕ್ಕರೆ ತಿಂದಷ್ಟು ಖುಷಿ. ಹಾಗಾದರೆ ಬೆಳಿಗ್ಗೆ ಅವ್ವನನ್ನು ಕರೆದುಕೊಂಡೇ ಹೋಗುವುದು ಅಂತ ಗಟ್ಟಿ ಮಾಡಿಕೊಂಡೆ.

ಬೆಳಿಗ್ಗೆ ಎದ್ದು ಬಂದಾಗ ಅವ್ವ ಹೊಸ್ತಿಲಿನ ಮುಂದೆ ಕೂತಿದ್ದಳು. ಸುರುಳಿ ತೆಗೆದು ಗೋಡೆಗೆ ಆನಿಸಿಟ್ಟಿದ್ದಳು. ಹೊಸ್ತಿಲು ತೊಳೆದಾಗಿತ್ತು, ಅಂಗೈಯಿಂದ ಅರಿಷಿಣ ಸವರುತ್ತಿದ್ದಳು. ಹಾದುಹೋಗುವ ಹೆಂಗಸೊಬ್ಬಳು ನಿಂತು ಏನೋ ಕೇಳಿದಳು, ಅವ್ವ ತಲೆ ಎತ್ತದೆಯೇ ಉತ್ತರ ಕೊಟ್ಟಳು. ನಾನು ಪಕ್ಕದಲ್ಲಿ ಕೂತೆ. ಚಂದ ಮಾಡಿ ಕರೆಯಬೇಕೆಂದುಕೊಂಡಿದ್ದೆ, ಬಾಯಿಗೆ ಬಂದದ್ದೇ ಬೇರೆ.

"ಇಕೀ ಮನಿಕಿಂತ ನಾ ಏನ ಕಮ್ಮಿ ಮಾಡೀನಿ ಬೇ, ಹೇಳು."

ಅವ್ವ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿದವಳು ಹಾಗೇ ಹಿಡಿದು ಕೂತಳು. ಆಕೆಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

"ನೀ ಏನೂ ಕಮ್ಮಿ ಮಾಡಿಲ್ಲವ್ವ. ನನಗಂತ ಏನೂ ಉಳಿಸಿಲ್ಲ ನೋಡು, ಅಷ್ಟಽ. ಅಲ್ಲಿ ಮುಂಜಾನೆದ್ದು ನಾ ಎಲ್ಲಿ ಕೂಡ್ಲಿ?"

ನನ್ನ ಮನೆಯಲ್ಲಿ ಎಷ್ಟು ಕುರ್ಚಿಗಳಿವೆ ಅಂತ ಹೇಳಲು ನಾಲಿಗೆ ಎದ್ದಿತ್ತು. ಪುಣ್ಯಕ್ಕೆ ಹೇಳಲಿಲ್ಲ. ಆ ಮನೆಯಲ್ಲಿ ಆಕೆಗೆ ಇದ್ದುದು ಬೆಳಗಿನ ಅರ್ಧ ಗಂಟೆಯ ಕೆಲಸ ಒಂದೇ. ಅದನ್ನೂ ನಾನು ಅಂಟು ಹಚ್ಚಿ ಮುಚ್ಚಿದ್ದೆ, ಮೇಲೊಂದು ಸ್ಟಿಕ್ಕರು ಹಚ್ಚಿದ್ದೆ, ಆಮೇಲೆ ಹಾಳೆ ಕೊಟ್ಟು ಎಳೆದು ನೋಡು ಅಂದಿದ್ದೆ. ತಂಗಿ ಏನೂ ಮಾಡಿರಲಿಲ್ಲ. ಬಾಗಿಲು ರಿಪೇರಿ ಮಾಡಿಸದೆ ಸೋಮಾರಿಯಾಗಿ ಕೂತಿದ್ದಳು, ಅದರಿಂದಲೇ ಗೆದ್ದಿದ್ದಳು. ನಾನು ಒಬ್ಬಳೇ ಬಸ್ ಹತ್ತಿ ಬಂದೆ.

ಬಂದ ದಿನವೇ ಹೊಸ್ತಿಲಿನ ಪಟ್ಟಿಗೆ ಕೈ ಹಾಕಿದೆ. ಒಳ್ಳೆಯ ಅಂಟು ತರಿಸಿದ್ದೆನಲ್ಲ, ಸುಲಭಕ್ಕೆ ಬರಲಿಲ್ಲ. ಚಾಕು ತೂರಿಸಿ, ಉಗುರು ಮುರಿದುಕೊಂಡು, ತುಂಡು ತುಂಡಾಗಿ ಕಿತ್ತೆ. ಸ್ಟಿಕ್ಕರು ಬಣ್ಣವನ್ನೂ ಎಳೆದುಕೊಂಡು ಬಂತು. ಹೊಸ್ತಿಲು ತುರಿ ಎದ್ದವರ ಮೈಯ ಹಾಗೆ ಕಾಣುತ್ತಿತ್ತು. ಇಷ್ಟು ಖರ್ಚು ಮಾಡಿ ಮಾಡಿಸಿದ್ದನ್ನು ಕೀಳುವವರನ್ನು ನಾನು ನೋಡಿಲ್ಲ ಅಂತ ಮನೆಯವರು ಅಂದರು. ನಾನು ತಂಗಿಗೆ ಫೋನು ಮಾಡಿ ಅವ್ವನ ಕೈಗೆ ಕೊಡಿಸಿಕೊಂಡೆ. ಬಾ ಅನ್ನಲಿಲ್ಲ. ಹೊಸ್ತಿಲು ಕೆಟ್ಟುಹೋಗಿದೆ, ಏನು ಮಾಡಬೇಕು ಅಂತ ನನಗೆ ತಿಳಿಯುತ್ತಿಲ್ಲ ಅಂದೆ. ಅಂಟು ಎಷ್ಟು ಉಳಿದಿದೆ, ಕಟ್ಟಿಗೆ ಎದ್ದಿದೆಯೇ ಅಂತ ಅವ್ವ ಒಂದೊಂದೇ ಕೇಳಿದಳು. ಏನನ್ನೂ ಹಚ್ಚಬೇಡ, ನಾನು ಬರುವವರೆಗೆ ಮುಟ್ಟಬೇಡ ಅಂದಳು. ಗುರುವಾರ ಬಂದಳು.

ಬಂದವಳು ಚೀಲ ಇಳಿಸದೆ ಹೊಸ್ತಿಲು ನೋಡಿ ನನಗೆ ಬೈದಳು. ಓದಿದವರು, ಪಗಾರ ತರುವವರು, ಹೊಸ್ತಿಲಿಗೆ ಅಂಟು ಹಚ್ಚುವ ಬುದ್ಧಿ ಯಾರು ಕೊಟ್ಟರು ಅಂತ ಕೇಳಿದಳು. ನನ್ನ ಮನೆಯಲ್ಲಿ ಆಕೆ ನನಗೆ ಬೈದದ್ದು ಅದೇ ಮೊದಲು. ಅಲ್ಲಿಯವರೆಗೆ ನೆಂಟರ ಹಾಗೆ ಇದ್ದಳು. ನಾಲ್ಕು ದಿನ ಕೊಬ್ಬರಿ ಎಣ್ಣೆ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಅಂಟು ಬಿಡಿಸಿದಳು. ಬಾಗಿಲಿನ ಬುಡಕ್ಕೆ ಸುರುಳಿ ಹೊಲಿಯಲು ಹಳೆಯ ಸೀರೆ ಕೇಳಿದಾಗ ನಾನು ಬೀರು ತೆಗೆದು ಹೊಸತೇ ಅನ್ನಬಹುದಾದ ರೇಷ್ಮೆ ಸೀರೆ ಕೊಟ್ಟೆ. ತಂಗಿಯ ಸುರುಳಿಗಿಂತ ನನ್ನದು ಚಂದ ಇರಬೇಕಲ್ಲ. ಅವ್ವ ಅದನ್ನು ವಾಪಸು ಮಡಿಸಿಟ್ಟು ನನ್ನ ಎರಡು ನೂಲಿನ ಸೀರೆ ಹರಿದಳು. ಬೆಳಿಗ್ಗೆ ನೀರು ಮಾತ್ರ ಸುರಿಯುವುದಿಲ್ಲ ಈಗ. ಒದ್ದೆ ಅರಿವೆಯಿಂದ ಒರೆಸಿ ಅರಿಷಿಣ ಸವರುತ್ತಾಳೆ. ಬಾಗಿಲಿನ ತಳ ಉಬ್ಬುತ್ತದೆ ಅಂತ ಬಡಗಿ ಹೇಳಿದ್ದು ಆಕೆಯೂ ಕೇಳಿಸಿಕೊಂಡಿದ್ದಳಂತೆ. ನನ್ನನ್ನು ಕೇಳಿದ್ದರೆ ಅಂದೇ ಹೀಗೆ ಮಾಡುತ್ತಿದ್ದೆ ಅಂದಳು.

ಧೂಳು ಸ್ವಲ್ಪ ಬರುತ್ತದೆ. ಆಕೆ ಕೆಮ್ಮುತ್ತಾಳೆ, ಆದರೂ ಹೋಗುವ ಮಾತೆತ್ತಿಲ್ಲ.

ಎರಡು ತಿಂಗಳು ತುಂಬಿ ಹನ್ನೊಂದು ದಿನವಾಗಿತ್ತು. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ತಂಗಿಯ ಫೋನು ಬಂತು. ಯಾವಾಗಲೂ ನಗುತ್ತಾ ಮಾತಾಡುವವಳು ಅಂದು ನಗಲಿಲ್ಲ.

"ಅವ್ವ ಎಂದ ಬರ್ತಾಳ ಕೇಳು ಅಕ್ಕಾ. ಮನಿ ಭಣಭಣ ಅನ್ನಾಕತ್ತದ," ಅಂದಳು.

ಆ ಭಣಭಣವನ್ನು ನಾನು ನಲವತ್ತೇಳು ಚುಕ್ಕೆಗಳ ಉದ್ದಕ್ಕೂ ಕೇಳಿದ್ದೆ. ಅವಳಿಗೆ ಏನಾಗುತ್ತಿದೆ ಅಂತ ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ತಿಳಿಯಲು ಸಾಧ್ಯವಿರಲಿಲ್ಲ. ಕೇಳಿ ಹೇಳುತ್ತೇನೆ ಅಂತ ಫೋನು ಇಟ್ಟೆ. ಹೊಸ್ತಿಲಿನ ಹತ್ತಿರ ಹೋದೆ. ಅವ್ವ ಬಗ್ಗಿ ರಂಗೋಲಿಯ ಎಳೆ ಎಳೆಯುತ್ತಿದ್ದಳು.

"ಯಾರದು ಫೋನು?" ಅಂತ ತಲೆ ಎತ್ತದೆ ಕೇಳಿದಳು.

"ರಾಂಗ್ ನಂಬರ್ ಬೇ," ಅಂದೆ.